ಕ್ಲಚ್ ವೈರು

ಭಾನುವಾರ ಗ್ಯಾರೇಜಿಗೆ ರಜೆ.
ಶಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ:
'ಕಾಡಿಗೆ ಹೋಗಿದ್ದೇನೆ. ಸೋಮವಾರ ಬನ್ನಿ.'
ಕೆಳಗೆ ಯಾರೋ ಸೇರಿಸಿದ್ದಾರೆ: 'ಸೌದೆಗಾ?'

ನಾವು ಐದು ಜನ.
ಸೊಸೈಟಿ ಬ್ಯಾಂಕಿನ ಪ್ರಫುಲ್ಲಾ,
ಪಿಗ್ಮಿ ಕಟ್ಟಿಸಿಕೊಳ್ಳುವ ದಿವಾಕರ ಶೇಟ್,
ಮಂಡಿನೋವಿದ್ದೂ ಎಲ್ಲರಿಗಿಂತ ಮುಂದೆ ನಡೆಯುವ
ನಿವೃತ್ತ ಲೈನ್‌ಮನ್ ಕೊಲ್ಲೂರಯ್ಯ,
ಇಲಾಖೆಯವರು ಜೊತೆಗೆ ಕೊಟ್ಟ ವಾಚರ್ ಹಿರಿಯಣ್ಣ,
ಮತ್ತೆ ನಾನು, ಜಬೀವುಲ್ಲಾ,
ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ
ಎರಡು ಚಕ್ರದ್ದು ಯಾವುದಿದ್ದರೂ ರಿಪೇರಿ.

ಕೈಯಲ್ಲಿ ಕಟಿಂಗ್ ಪ್ಲೇಯರು,
ಜೇಬಿನಲ್ಲಿ ರೇಂಜರು ಸೀಲು ಹೊಡೆದ ಕಾಗದ,
ಕಾಲಿಗೆ ಸುಣ್ಣ, ಹೊಗೆಸೊಪ್ಪು ಉಜ್ಜಿದ ದಪ್ಪ ಚೀಲ.
ಉಂಬಳಕ್ಕೆ ಕಾಗದ ಓದಲು ಬರುವುದಿಲ್ಲ.

ಉರುಳು ಹುಡುಕುವವನು ಮೇಲೆ ನೋಡಬಾರದು.
ಮಂಗಟ್ಟೆ ತಲೆಯ ಮೇಲೆ ಗಾಳಿ ಗರಗಸದಲ್ಲಿ ಕೊಯ್ದುಕೊಂಡು ಹೋದರೂ
'ನೆಲ, ನೆಲ' ಅನ್ನುತ್ತಾನೆ ಹಿರಿಯಣ್ಣ.
ಬಾಗಿದ ಗಿಡ ತಾನೇ ಬಾಗಿದ್ದೋ, ಬಗ್ಗಿಸಿದ್ದೋ?
ಹಿನ್ನೀರಿಗೆ ಇಳಿಯುವ ಜಾಡಿನಲ್ಲಿ
ಮುಳ್ಳು ಒಟ್ಟಿದ ಬೇಲಿ, ನಡುವೆ ಒಂದು ಗೇಣಿನ ಬಾಗಿಲು.
ಬರ್ಕ ಬಾಗಿಲಿದ್ದಲ್ಲೇ ಹೋಗುತ್ತದೆ.
ಬೇಲಿ ಹಾರುವ ಬುದ್ಧಿ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಪ್ರಫುಲ್ಲಾ ಲೆಕ್ಕ ಇಡುತ್ತಾಳೆ
ಮುಗಿದುಹೋದ ಲೆಡ್ಜರಿನ ಖಾಲಿ ಹಾಳೆಗಳಲ್ಲಿ.
ಜಮೆ ಎಂದರೆ ನಾವು ಕಿತ್ತಿದ್ದು.
ಖರ್ಚು ಎಂದರೆ ನಾವು ತಡವಾಗಿ ಬಂದದ್ದು:
ಒಂದು ಕಾಡುಕುರಿ, ಎರಡು ಮುಳ್ಳುಹಂದಿ,
ಒಂದು ಪುನುಗು.
ಅದರ ಸುತ್ತ ನೆಲ
ಗಾಣದ ಎತ್ತು ತಿರುಗಿದ ಹಾಗೆ ದುಂಡಗೆ ಕೆರೆದುಹೋಗಿತ್ತು.
ಮಾರನೇ ದಿನ ದಿವಾಕರ
ಪಿಗ್ಮಿ ಕೇಳಲು ಯಾರ ಅಂಗಡಿಗೂ ಹೋಗಲಿಲ್ಲ.

ಕಾರ್ತಿಕದಲ್ಲಿ, ಒಂದು ಹೊನ್ನೆಮರದ ಬುಡ.
ನಾನೇ ಕಂಡದ್ದು, ನಾನೇ ಕತ್ತರಿಸಿದ್ದು.
ವೈರಿನ ತುದಿಗೆ ಸೀಸದ ಗುಂಡು.
ಕಂಪನಿಯದು ಉರುಟು. ಇದು ಒಂದು ಬದಿ ಚಪ್ಪಟೆ.
ಗುಂಡು ಕಳಚಿದ ವೈರಿಗೆ ಹೊಸ ಬೆಸುಗೆ ಹಾಕಿ
ಬಿಸಿ ಆರುವ ಮೊದಲು ಸುತ್ತಿಗೆಯಲ್ಲಿ ಎರಡೇ ಏಟು:
ಅಬ್ಬಾ ಕಲಿಸಿದ್ದು. ಈ ತಾಲ್ಲೂಕಿನಲ್ಲಿ
ಇನ್ನೊಬ್ಬರು ಹಾಗೆ ಮಾಡಿದ್ದು ನಾನು ನೋಡಿಲ್ಲ.

ಹೇಳಲಿಲ್ಲ.
ಚೀಲಕ್ಕೂ ಹಾಕಲಿಲ್ಲ.
'ಇವತ್ತಿಗೆ ನಲವತ್ತೆರಡು' ಅಂದಳು ಪ್ರಫುಲ್ಲಾ.
ನನ್ನ ಜೇಬು ತೊಡೆಗೆ ಚುಚ್ಚುತ್ತಿತ್ತು.

ಅಂಗಡಿಯ ಹಿಂದೆ ಎಣ್ಣೆ ಡಬ್ಬ. ಸವೆದ ವೈರೆಲ್ಲ ಅದರೊಳಗೆ.
ಬಟ್ಟೆ ಒಣಗಿಸೋಕೆ, ದಣಪೆಗೆ, ಬಾವಿ ಕೊಡಕ್ಕೆ
ಅಂತ ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟಿದ್ದೇನೆ
ವರ್ಷಗಟ್ಟಲೆ,
ನಾಲ್ಕು ಜನರ ದುವಾ ಇರಲಿ ಅಂತ.

ಈಗ ಹಳೇ ವೈರು ಬಿಚ್ಚಿದ ಕೂಡಲೇ
ಬೆರಳುದ್ದ ಬೆರಳುದ್ದ ಕತ್ತರಿಸಿ ಹಾಕುತ್ತೇನೆ.
'ಏನ್ ಸಾಬ್ರೇ, ತಂತಿ ಮೇಲೆ ಸಿಟ್ಟು?'
ಒಬ್ಬ ಕೇಳಿದ, 'ಒಂದು ಇಡೀದು ಕೊಡಿ, ಮೆಣಸಿನ ಬಳ್ಳಿಗೆ.'
ಬಳ್ಳಿಗೆ ಹಗ್ಗ ಒಳ್ಳೇದು ಅಂದೆ, ಎರಡು ಮಾರು ಹಗ್ಗವನ್ನೇ ಕೊಟ್ಟೆ.
ಅವನು ನನ್ನ ಮುಖ ನೋಡಿದ.
ನಾನು ಅವನ ಚಪ್ಪಲಿಗಂಟಿದ ಹಿನ್ನೀರಿನ ಮಣ್ಣು ನೋಡಿದೆ.
ಬಗ್ಗಿ, ಅವನ ಬ್ರೇಕು ಬಿಗಿ ಮಾಡಿ ಕಳಿಸಿದೆ.
ಇಳಿಜಾರಿನ ದಾರಿ. ಮನೆಯಲ್ಲಿ ಮಕ್ಕಳಿದ್ದಾರೆ ಅವನಿಗೆ.

ಮೂರನೇ ಭಾನುವಾರ ಜೇಬಿನಿಂದ ತೆಗೆದು
ಲೆಡ್ಜರಿನ ಮೇಲಿಟ್ಟೆ. ಹೇಳಿದೆ, ಎಲ್ಲ.
ಪ್ರಫುಲ್ಲಾ ಗುಂಡನ್ನು ಹೆಬ್ಬೆರಳಿನಲ್ಲಿ ತಿರುಗಿಸಿದಳು,
ಚಪ್ಪಟೆ ಬದಿ ಸಿಗುವವರೆಗೆ.
'ಜಮೆಗೆ ಬರೀಲಾ, ಖರ್ಚಿಗಾ?'
ಪೆನ್ನು ಎರಡರ ನಡುವಿನ ಕೆಂಪು ಗೆರೆಯ ಮೇಲೆ ನಿಂತಿತು.

'ಆಮೇಲೆ ಬರೀಬಹುದು, ಬಿಸಿಲೇರ್ತದೆ'
ಅಂದ ಕೊಲ್ಲೂರಯ್ಯ, ಮಂಡಿ ಉಜ್ಜಿಕೊಳ್ಳುತ್ತ.
ಹಿರಿಯಣ್ಣ ಆಗಲೇ ಬಹಳ ಮುಂದೆ,
ತಲೆ ತಗ್ಗಿಸಿ,
ಏನೋ ಕಳೆದುಕೊಂಡವನ ಹಾಗೆ.